ರೈಫಲ್ ಜತೆ ಗುಂಡಿನ ಅಳತೆಯನ್ನೂ ಬರೆಯಿರಿ

ಮಾನ್ಯರೇ,

ಸೇನೆಗೆ ಹೊಸ ರೈಫಲ್ ಬಂದರೆ ಪತ್ರಿಕೆಗಳಲ್ಲಿ ಅದರ ಫೋಟೊ ದೊಡ್ಡದಾಗಿ ಬರುತ್ತದೆ, ಗುಂಡಿನ ಮಾತೇ ಇರುವುದಿಲ್ಲ. ದಾವಣಗೆರೆ, ಚಿತ್ರದುರ್ಗದಲ್ಲಿ ಅಗ್ನಿವೀರ ಭರ್ತಿಗೆಂದು 1,600 ಮೀಟರ್ ಓಟ ಅಭ್ಯಾಸ ಮಾಡುವ ಹುಡುಗರಿಗಾದರೂ ಇದು ಗೊತ್ತಿರಬೇಕು.

ಪದಾತಿದಳದ ಒಂದು ಸೆಕ್ಷನ್‌ನಲ್ಲಿ ಸುಮಾರು 10 ಮಂದಿ, ಮುಂದಾಳು ಹವಾಲ್ದಾರ್. ಮೂರು ಸೆಕ್ಷನ್ ಸೇರಿ ಪ್ಲಟೂನ್, ಮೂರು ಪ್ಲಟೂನ್ ಸೇರಿ ಕಂಪನಿ. ನಾಲ್ಕು ರೈಫಲ್ ಕಂಪನಿ, 81 ಮಿ.ಮೀ. ಮಾರ್ಟರ್‌ಗಳಿರುವ ಸಪೋರ್ಟ್ ಕಂಪನಿ ಎಲ್ಲ ಕೂಡಿ ಸುಮಾರು 800 ಜನರ ಬೆಟಾಲಿಯನ್.

ಇಷ್ಟು ಜನಕ್ಕೆ ಸರಿಯಾದ ಗುಂಡು ತಲುಪಿಸುವುದೇ ನಿಜವಾದ ಕಷ್ಟ. ಇನ್ಸಾಸ್ ರೈಫಲ್‌ಗೆ 5.56x45 ಮಿ.ಮೀ. ಗುಂಡು, ಎಕೆ-203 ರೈಫಲ್‌ಗೆ 7.62x39, ಸಿಗ್ 716 ರೈಫಲ್‌ಗೆ 7.62x51. ಮೊದಲ ಅಂಕಿ ಗುಂಡಿನ ಅಡ್ಡಳತೆ, ಎರಡನೆಯದು ಕೇಸ್‌ನ (ಮದ್ದು ತುಂಬಿದ ಲೋಹದ ಕೊಳವೆಯ) ಉದ್ದ. ಕೊನೆಯ ಎರಡನ್ನೂ ಬಾಯಿಮಾತಿನಲ್ಲಿ '7.62' ಎಂದೇ ಹೇಳುತ್ತಾರೆ. ಆದರೆ ಕೇಸ್‌ನ ಉದ್ದದಲ್ಲಿ 12 ಮಿ.ಮೀ. ವ್ಯತ್ಯಾಸ. ಎಕೆ ಗುಂಡಿನ ಕೇಸ್ ಬುಡದಿಂದ ಮೇಲಕ್ಕೆ ಕಿರಿದಾಗುತ್ತಾ ಹೋಗುತ್ತದೆ. ಸಾಲಾಗಿ ಜೋಡಿಸಿದರೆ ಸಾಲು ಬಾಗುತ್ತದೆ, ಅದಕ್ಕೇ ಗುಂಡು ತುಂಬುವ ಮ್ಯಾಗಜೀನೂ ಬಾಗಿರುವುದು. ಒಂದರ ಗುಂಡು ಇನ್ನೊಂದಕ್ಕೆ ಆಗುವುದಿಲ್ಲ. ಇಂಡೆಂಟ್‌ನಲ್ಲಿ (ಗುಂಡು ಬೇಕೆಂದು ಕಳಿಸುವ ಬೇಡಿಕೆ ಪಟ್ಟಿಯಲ್ಲಿ) ಬರೀ '7.62' ಎಂದು ಬರೆದು, ಹೇಸರಗತ್ತೆ ಮೇಲೆ ಗುಡ್ಡ ಹತ್ತಿಸಿದ ಪೆಟ್ಟಿಗೆ ತಪ್ಪಾಗಿದ್ದರೆ ಮೇಲಿನ ಪೋಸ್ಟ್ ಬರಿಗೈಯಲ್ಲಿ ಉಳಿಯುತ್ತದೆ.

ಸಿಗ್‌ಗೆ ಒಂದು ಅನುಕೂಲವಿದೆ: ಎಂಎಂಜಿ (ಮಧ್ಯಮ ಮಷಿನ್ ಗನ್) ಗುಂಡೂ ಅದೇ 7.62x51, ಬೆಲ್ಟ್‌ಗೆ ಪೋಣಿಸಬೇಕಷ್ಟೆ.

ದಯವಿಟ್ಟು ಇನ್ನು ಮುಂದೆ ರೈಫಲ್ ಸುದ್ದಿಯಲ್ಲಿ ಗುಂಡಿನ ಅಳತೆಯನ್ನು ಪೂರ್ತಿಯಾಗಿ ಮುದ್ರಿಸಿ.

– ಓದುಗರು, ಚಿತ್ರದುರ್ಗ