ಮಗಳಿಗೊಂದು ಪತ್ರ: ಅಡ್ಡ ಪಟ್ಟೆಯ ಹಕ್ಕಿ

ಗಾಳಿಬೀಡು, ಜನವರಿ 12

ಪುಟ್ಟಿ,

ನಿನ್ನೆ ಫೋನಿನಲ್ಲೇ ಹೇಳಲು ಹೊರಟೆ. ನೀನು 'ಮೀಟಿಂಗ್‌ನಲ್ಲಿದ್ದೀನಿ ಅಮ್ಮಾ' ಅಂದೆ. ಒಳ್ಳೆಯದೇ ಆಯಿತು, ಇದನ್ನು ಗಡಿಬಿಡಿಯಲ್ಲಿ ಹೇಳಲು ನನಗೂ ಮನಸ್ಸಿಲ್ಲ. ವುಡ್‌ಕಾಕ್ ಹಕ್ಕಿ ನೋಡಿದೆ ಕಣೇ. ನಮ್ಮ ತೋಟದಲ್ಲೇ!

ಗುರುವಾರ ಬೆಳಿಗ್ಗೆ ಕಾಫಿ ಕುಯ್ಯುವವರಿಗೆ ಚೀಲ ಕೊಟ್ಟು, ತೋಡಿನ ಪಂಪ್ ನೋಡಿ ಬರೋಣ ಅಂತ ಹಳೇ ಏಲಕ್ಕಿ ಮಲೆಗೆ ಇಳಿದೆ. ನಾಯಿ ರಾಜ ಮೂಸುತ್ತಾ ಮುಂದೆ ಓಡುತ್ತಿದ್ದ. ಅವನ ಮೂಗಿನ ತುದಿಯಿಂದಲೇ ಏನೋ 'ಬುರ್ರ್' ಅಂತ ಎದ್ದಿತು. ದಪ್ಪ ಮೈ, ಒಣಗಿದ ಎಲೆಯ ಬಣ್ಣ, ಕೆಳಮುಖ ಮಾಡಿದ ಉದ್ದ ಕೊಕ್ಕು. ಮರಗಳ ಮಧ್ಯೆ ಆ ಕಡೆ ಈ ಕಡೆ ವಾಲುತ್ತಾ ಹೋಗಿ ತೋಡಿನಾಚೆ ಇಳಿಯಿತು. ಎರಡು ಸೆಕೆಂಡ್ ಅಷ್ಟೇ.

ಅದೇ ಥರ ಉದ್ದ ಕೊಕ್ಕಿನ ಸ್ನೈಪ್ ಹಕ್ಕಿ ಇರಬೇಕು ಅಂದುಕೊಂಡೆ. ಹುತ್ತರಿ ಹಬ್ಬದ ಹೊತ್ತಿಗೆ ಗದ್ದೆಯಲ್ಲಿ ಕಾಣುತ್ತವಲ್ಲ. ಆದರೆ ಗದ್ದೆ ಬಿಟ್ಟು ಕಾಡೊಳಗೆ, ತರಗೆಲೆ ಮೇಲೆ ಅದಕ್ಕೇನು ಕೆಲಸ? ಇದೇ ಯೋಚನೆಯಲ್ಲಿ ಅನ್ನಕ್ಕೆ ನೀರು ಜಾಸ್ತಿ ಇಟ್ಟೆ, ಗಂಜಿಯಾಯಿತು. ನಿಮ್ಮಪ್ಪ ಮಾತಿಲ್ಲದೆ ಉಂಡರು.

ಮರುದಿನ ರಾಜನನ್ನು ಕಟ್ಟಿಹಾಕಿ ಒಬ್ಬಳೇ ಹೋದೆ. ತೋಡಿನ ಈಚೆ ಬಂಡೆ ಮೇಲೆ ಕೂತು, ನೀನು ಕೊಟ್ಟ ಬೈನಾಕ್ಯುಲರ್‌ನಲ್ಲಿ ಆಚೆ ದಡವನ್ನು ಮೊಳ ಮೊಳ ಬಿಡದೆ ನೋಡಿದೆ. ಮುಕ್ಕಾಲು ಗಂಟೆ ಬರೀ ಎಲೆ. ಆಮೇಲೆ ಎಲೆಗಳ ನಡುವೆ ಒಂದು ಕಣ್ಣು. ಕಪ್ಪಗೆ, ಒದ್ದೆಯಾಗಿ, ಕಾಳುಮೆಣಸಿಗಿಂತ ದೊಡ್ಡದು. ಆ ಕಣ್ಣೊಂದನ್ನು ಹಿಡಿದುಕೊಂಡು ಉಳಿದ ಹಕ್ಕಿಯನ್ನು ಜೋಡಿಸಿಕೊಂಡೆ. ಇದು ಕೊಕ್ಕು, ಇದು ಬೆನ್ನು, ನೆತ್ತಿ ಮೇಲೆ ಕಪ್ಪು ಪಟ್ಟೆ. ಪಟ್ಟೆ ಅಡ್ಡಡ್ಡ! ಸ್ನೈಪ್‌ಗಾದರೆ ಕೊಕ್ಕಿನ ಬುಡದಿಂದ ಹಿಂದಕ್ಕೆ ಉದ್ದುದ್ದ ಇರುತ್ತದೆ. ಕೈ ನಡುಗಿ ಬೈನಾಕ್ಯುಲರ್ ಕನ್ನಡಕಕ್ಕೆ ಟಕಟಕ ಬಡಿಯಿತು. ನಿನ್ನ ಹತ್ತನೇ ಕ್ಲಾಸ್ ರಿಸಲ್ಟ್ ದಿನವೂ ಇಷ್ಟು ನಡುಗಿರಲಿಲ್ಲ. ಬೇಜಾರು ಮಾಡ್ಕೋಬೇಡ.

ಅದರ ಕಣ್ಣು ತಲೆಯ ತೀರಾ ಹಿಂದಕ್ಕೆ, ಮೇಲ್ಗಡೆ ಇರುತ್ತದೆ. ಕೊಕ್ಕನ್ನು ಮಣ್ಣಿಗೆ ತೂರಿಸಿ ಎರೆಹುಳ ಹುಡುಕುವಾಗಲೂ ಹಿಂದೆ ಯಾರು ಬಂದರೂ ಕಾಣುತ್ತದೆ. ಅಂದರೆ ನಾನು ಬಂದದ್ದು, ಕೂತದ್ದು, ಕೆಮ್ಮಿದ್ದು ಎಲ್ಲ ಅದಕ್ಕೆ ಗೊತ್ತು. ಆದರೂ ಮಿಸುಕಲಿಲ್ಲ. ಹಗಲಿಡೀ ಹೀಗೇ ಬಿದ್ದುಕೊಂಡಿದ್ದು ಕತ್ತಲಾಗುವಾಗ ಮೇಯಲು ಹೊರಡುತ್ತದೆ.

ಹಿಮಾಲಯದಲ್ಲಿ ಮರಿ ಮಾಡುವ ಹಕ್ಕಿ ಪುಟ್ಟಿ ಇದು. ಚಳಿಗಾಲಕ್ಕೆ ನಮ್ಮ ಕಡೆಯ ಬೆಟ್ಟಗಳಿಗೆ ಬರುವುದು ಕೆಲವೇ ಕೆಲವು. ಹಿಂದೆ ಬ್ರಿಟಿಷ್ ಪ್ಲಾಂಟರ್‌ಗಳು ಕೋವಿ ಹಿಡಿದು ಇದರ ಬೆನ್ನು ಹತ್ತುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಮಲೆಯಲ್ಲಿ ನಾನು ದಿನಾ ಓಡಾಡಿದ್ದೇನೆ. ಎಷ್ಟು ಚಳಿಗಾಲ ಅದು ನನ್ನ ಕಾಲ ಬುಡದಲ್ಲೇ ಕೂತು, ನನ್ನನ್ನು ನೋಡಿ ಸುಮ್ನಿತ್ತೋ!

ನೋಡಿದ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್‌ಗೆ ಹಾಕಿದೆ. ಅಪರೂಪದ್ದು, ವಿವರ ಕೊಡಿ ಅಂತು. ಫೋಟೋ ಎಲ್ಲಿಂದ ತರಲಿ, ಲೆನ್ಸ್ ನಿನ್ನ ರೂಮಿನಲ್ಲಿದೆ. ಅಡ್ಡ ಪಟ್ಟೆ ಬಗ್ಗೆ ಎಂಟು ಸಾಲು ಬರೆದೆ. ಒಪ್ಪಿದರೆ ಒಪ್ಪಲಿ. ಜಾಗ ಸುಮ್ನೆ ಗಾಳಿಬೀಡು ಅಂತ ಹಾಕಿದ್ದೇನೆ. ಸರಿಯಾಗಿ ಹೇಳಿದರೆ ಶನಿವಾರಕ್ಕೆ ಗೇಟಿನ ಮುಂದೆ ನಾಲ್ಕು ಜೀಪ್ ನಿಲ್ಲುತ್ತವೆ. ಪಾಪದ ಹಕ್ಕಿಯನ್ನು ಎಬ್ಬಿಸಿ ಎಬ್ಬಿಸಿ ಫೋಟೋ ತೆಗೆಯುತ್ತಾರೆ.

ಶಿವರಾತ್ರಿಗೆ ಬರ್ತೀಯಲ್ವಾ? ಲೆನ್ಸ್ ಮರೆಯಬೇಡ. ಮತ್ತೆ ಆ ಪಂಪ್ ನಾನಿನ್ನೂ ನೋಡೇ ಇಲ್ಲ. ಅಪ್ಪನಿಗೆ ಹೇಳಬೇಡ.

ನಿನ್ನ ಅಮ್ಮ