ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಆರನೇ ಸಲ ಮೊದಲಿಂದ ಹೇಳಲಾರೆ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಿಮ್ಮ ಇಲಾಖೆಯ ಆನ್‌ಲೈನ್ ಥೆರಪಿ ಸೇವೆಯಲ್ಲಿ ಎರಡು ವರ್ಷದಿಂದ ನನ್ನ ಹೆಸರಿದೆ. ನಾಲ್ಕು ಸೆಷನ್ ಮುಗಿದರೆ ಮತ್ತೆ ಮಂಜೂರಾತಿ ಆಗಬೇಕು, ಆಮೇಲೆ ಯಾರು ಬಿಡುವಾಗಿದ್ದಾರೋ ಅವರೇ ಸಿಗುವುದು. ಈ ನಿಯಮವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಅದರ ಕೆಳಗಿರುವ ಸಹಿ ನಿಮ್ಮದೇ. ಹೀಗೆ ನನಗೆ ಇಲ್ಲಿಯವರೆಗೆ ಐದು ಜನ ಮನಶ್ಶಾಸ್ತ್ರಜ್ಞರು ಸಿಕ್ಕಿದ್ದಾರೆ. ಐವರೂ ಒಳ್ಳೆಯವರೇ, ಅವರ ಮೇಲೆ ದೂರಿಲ್ಲ. ನಾನು ಕೇಳುವುದು ಇಷ್ಟೇ: ಒಬ್ಬರನ್ನೇ ಕೊಡಿ.

ಮೂರು ವರ್ಷದ ಹಿಂದೆ ರಾತ್ರಿ ಕಾರು ಅಪಘಾತವಾಯಿತು. ನಾನು ಹಿಂದಿನ ಸೀಟಿನಲ್ಲಿದ್ದೆ, ಪಕ್ಕದಲ್ಲಿ ನನ್ನ ತಂಗಿ. ಮುಂದಿನ ಗಾಜು ಪುಡಿಯಾಗಿತ್ತು, ಆದರೆ ವೈಪರ್ ಮಾತ್ರ ನಿಂತಿರಲಿಲ್ಲ. ಖಾಲಿ ಚೌಕಟ್ಟಿನಲ್ಲಿ ಆ ಕಡೆ, ಈ ಕಡೆ ಕೀಚ್ ಕೀಚ್ ಅಂತ ಆಡುತ್ತಲೇ ಇತ್ತು. ಜನ ಬಂದು ನಮ್ಮನ್ನು ಹೊರಗೆಳೆಯುವವರೆಗೂ ನಾನು ಅದನ್ನೇ ನೋಡುತ್ತಿದ್ದೆ. ಪಕ್ಕಕ್ಕೆ ತಿರುಗಿ ನೋಡಲಿಲ್ಲ. ತಂಗಿ ಉಳಿಯಲಿಲ್ಲ.

ಅವತ್ತಿನಿಂದ ನಾನು ಯಾವ ಗಾಡಿಯನ್ನೂ ಹತ್ತಿಲ್ಲ. ಬಾಗಿಲ ಕೀಲು ಕಿರ್ರೆಂದರೂ ಕೈ ತಣ್ಣಗಾಗುತ್ತದೆ. ಹಾಗಾಗಿ 'ಆಸ್ಪತ್ರೆಗೇ ಬಂದುಬಿಡಿ, ಅಲ್ಲಿ ಒಬ್ಬರೇ ಸಿಗ್ತಾರೆ' ಅನ್ನುವ ನಿಮ್ಮ ಸಿಬ್ಬಂದಿಯ ಸಲಹೆ ಕೇಳಿ ನಗು ಬರುತ್ತದೆ. ಬರೋದಕ್ಕೆ ಆಗಿದ್ದಿದ್ದರೆ ಥೆರಪಿ ಯಾಕೆ ಬೇಕಿತ್ತು, ಅಲ್ವಾ?

ಎರಡನೆಯವರ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವರು ಪ್ರತಿ ಸಲ ಶುರುವಿನಲ್ಲೇ ಕೇಳುತ್ತಿದ್ದರು: ಎಲ್ಲಿ ಕೂತಿದ್ದೀರಿ, ಮನೆಯಲ್ಲಿ ಯಾರಿದ್ದಾರೆ, ಲಿಂಕ್ ಕಡಿದುಹೋದರೆ ಯಾವ ನಂಬರಿಗೆ ಫೋನ್ ಮಾಡಲಿ. ಎರಡೂ ಪಾದ ನೆಲಕ್ಕೆ ಒತ್ತಿ ಕೂರಿಸುತ್ತಿದ್ದರು. ಉಸಿರು ಸಿಕ್ಕಿಕೊಂಡರೆ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಸುತ್ತಿದ್ದರು. ಹಾಗೇ ಆ ರಾತ್ರಿಯನ್ನು ಚೂರು ಚೂರಾಗಿ ಹೇಳಿಸಿದರು. ನಾಲ್ಕನೇ ಸೆಷನ್ನಿನಲ್ಲಿ ವೈಪರ್ ತನಕ ಬಂದೆವು. 'ಇವತ್ತಿಗೆ ಸಾಕು, ಮುಂದಿನ ಸಲ ಇಲ್ಲಿಂದಲೇ ಶುರು ಮಾಡೋಣ' ಅಂದರು. ಸ್ಕ್ರೀನಿನಲ್ಲಿ ಕಂಡ ಮುಖವೇ ಆದರೂ ಆ ಮಾತು ಹಿಡಿದುಕೊಂಡು ಎರಡು ತಿಂಗಳು ಮಂಜೂರಾತಿಗೆ ಕಾದೆ. ಲಿಂಕ್ ತೆರೆದರೆ ಬೇರೆ ಮುಖ. 'ನಮಸ್ಕಾರ, ಏನಾಯ್ತು ಅಂತ ಮೊದಲಿಂದ ಹೇಳ್ತೀರಾ?'

ಮೊದಲಿಂದ! ಮೂರನೆಯವರಿಗೂ ಹೇಳಿದೆ, ನಾಲ್ಕನೆಯವರಿಗೂ ಹೇಳಿದೆ. ಈಗ ಕಳೆದ ತಿಂಗಳ ಕತೆ ಕೇಳಿ. ಐದನೆಯವರ ಜೊತೆ ಮೊದಲ ಸೆಷನ್. ಹೇಳುತ್ತಾ ಹೇಳುತ್ತಾ ಗಾಜು ಒಡೆದ ಜಾಗಕ್ಕೆ ಬಂದಿದ್ದೆ. ಸರಿಯಾಗಿ ಮೂವತ್ತು ನಿಮಿಷಕ್ಕೆ ಕರೆ ತಾನಾಗಿಯೇ ನಿಂತುಹೋಯಿತು. ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಸ್ಕ್ರೀನಿನ ಮೇಲೆ ಐದು ಖಾಲಿ ನಕ್ಷತ್ರ ಮೂಡಿದವು: 'ನಿಮ್ಮ ಅನುಭವ ಹೇಗಿತ್ತು?'

ಮತ್ತೆ ಒಳಗೆ ಹೋಗಲು ನೋಡಿದೆ. ನಕ್ಷತ್ರ ಒತ್ತದೆ ಮುಂದಿನ ಪುಟ ತೆರೆಯುವುದಿಲ್ಲವಂತೆ. ನೆಲದ ಮೇಲೆ ಕೂತು, ನಡುಗುವ ಬೆರಳಲ್ಲಿ ಒತ್ತಿದೆ ಸ್ವಾಮಿ. ಐದಕ್ಕೆ ಐದು. ಆಗ ಪುಟ ತೆರೆಯಿತು. 'ಬಳಕೆದಾರರು ಕರೆ ಬಿಟ್ಟು ಹೋಗಿದ್ದಾರೆ. ಹೊಸ ತಜ್ಞರನ್ನು ನಿಗದಿ ಮಾಡಲಾಗುವುದು' ಎಂದಿತ್ತು. ಬಿಟ್ಟು ಹೋದವಳು ನಾನಂತೆ! ಆ ನಕ್ಷತ್ರಗಳು ನಿಮ್ಮ ವಾರ್ಷಿಕ ವರದಿಯಲ್ಲಿ ಚೆನ್ನಾಗಿ ಹೊಳೆಯಲಿ.

ನಾನು ಡಾಕ್ಟರಲ್ಲ. ಆದರೆ ರಾತ್ರಿ ನಿದ್ದೆ ಬರದವರು ಜಾಸ್ತಿ ಓದುತ್ತಾರೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯಲ್ಲಿ, ಇಂಥ ಆಘಾತಕ್ಕೆ ಕೊಡುವ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಸರಿಪಡಿಸಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ) ಸಾಮಾನ್ಯವಾಗಿ 8ರಿಂದ 12 ಸೆಷನ್ ಬೇಕು, ಅಗತ್ಯ ಬಿದ್ದರೆ ಇನ್ನೂ ಹೆಚ್ಚು ಎಂದಿದೆ. ಆದದ್ದನ್ನೆಲ್ಲ ಸುಮ್ನೆ ಒಮ್ಮೆ ಹೇಳಿಸಿ ಕೈತೊಳೆದುಕೊಳ್ಳುವ 'ಡಿಬ್ರೀಫಿಂಗ್' ಬೇಡ ಎಂದೂ ಅದೇ ಹೇಳುತ್ತದೆ. ನನಗೆ 17 ಸೆಷನ್ ಆಗಿವೆ. ಲೆಕ್ಕದ ಪ್ರಕಾರ ನನ್ನ ಚಿಕಿತ್ಸೆ ಯಾವತ್ತೋ ಮುಗಿಯಬೇಕಿತ್ತು. ನಾನಿನ್ನೂ ಕಾರಿನಿಂದ ಇಳಿದೇ ಇಲ್ಲ. ಎಲ್ಲರಿಗೂ ಸೇವೆ ಸಿಗಬೇಕು, ಅದಕ್ಕೇ ನಾಲ್ಕರ ಮಿತಿ ಎಂದು ನಿಮ್ಮ ಕಚೇರಿಯವರು ಹೇಳುತ್ತಾರೆ. ಐದು ಜನರಿಗೆ ಒಂದೇ ಕತೆ ಕೇಳಿಸಿದ್ದರಲ್ಲಿ ಯಾರ ಸಮಯ ಉಳಿಯಿತು, ನೀವೇ ಹೇಳಿ.

ನನ್ನಂತೆ ಇನ್ನೆಷ್ಟು ಜನ ನಾಲ್ಕನೇ ಸೆಷನ್ ಆದಮೇಲೆ ಸುಮ್ಮನಾಗಿಬಿಟ್ಟಿರಬಹುದು? ಅವರನ್ನೂ 'ಬಿಟ್ಟು ಹೋದವರು' ಅಂತಲೇ ಬರೆದುಕೊಂಡಿರುತ್ತೀರಿ. ನಿಯಮ ಬದಲಿಸಿ. ಶುರು ಮಾಡಿದವರೇ ಮುಗಿಸಲಿ. ಒಬ್ಬರನ್ನೇ ಕೊಡಿ.

ಗುರುವಾರ ಹನ್ನೊಂದು ಗಂಟೆಗೆ ಆರನೆಯವರ ಲಿಂಕ್ ಬಂದಿದೆ. ನಾನು ತೆರೆಯುವುದಿಲ್ಲ. ಆ ಎರಡನೆಯವರ ಹೆಸರು ನಿಮ್ಮ ಪಟ್ಟಿಯಲ್ಲಿ ಈಗಲೂ ಇದೆ, ಮೊನ್ನೆಯೂ ನೋಡಿದೆ. ಅವರನ್ನು ನನಗೆ ವಾಪಸ್ ಕೊಡಿ. ವೈಪರ್ ತನಕ ಬಂದು ನಿಂತಿದ್ದೇವೆ, ಪಕ್ಕಕ್ಕೆ ತಿರುಗಿ ನೋಡುವುದು ಬಾಕಿಯಿದೆ.

ಇಂತಿ,
ನಿಮಗೆ ಐದು ನಕ್ಷತ್ರ ಕೊಟ್ಟವಳು