ಶನಿವಾರ ಅಮ್ಮಂದಿರ ಎಣ್ಣೆ ಸ್ನಾನ

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ಬೆಳಿಗ್ಗೆ 10ಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಸೇರೋಣ. ಮೊದಲು ಸ್ಪಾಗೆ ಹೋಗೋಣ ಅಂತ ಮಾತಾಡಿದ್ದೆವು. ಆದರೆ ಓಡಾಟ, ಖರ್ಚು ಎರಡೂ ಜಾಸ್ತಿ. ದೀಪಾವಳಿ, ಯುಗಾದಿಗೆ ಮನೆಮಂದಿಗೆಲ್ಲ ಎಣ್ಣೆ ಹಚ್ಚುವವರು ನಾವೇ. ನಮ್ಮ ನೆತ್ತಿಗೆ ಹಚ್ಚುವವರು ಯಾರೂ ಇರುವುದಿಲ್ಲ, ಅಲ್ವಾ? ಆವತ್ತು ಒಬ್ಬರಿಗೊಬ್ಬರು ಹಚ್ಚೋಣ.

ಮೈಗೆ ಎಳ್ಳೆಣ್ಣೆ, ತಲೆಗೆ ಕೊಬ್ಬರಿ ಎಣ್ಣೆ. ಹರಳೆಣ್ಣೆಯೇ ಬೇಕೆನ್ನುವವರು ಕೊಬ್ಬರಿ ಎಣ್ಣೆ ಬೆರೆಸಿ ತನ್ನಿ. ಬರೀ ಹರಳೆಣ್ಣೆ ತುಂಬಾ ಅಂಟು, ಎಷ್ಟು ತೊಳೆದರೂ ಬೇಗ ಹೋಗುವುದಿಲ್ಲ. ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡುತ್ತೇವೆ. ನೆತ್ತಿ, ಕತ್ತು, ಭುಜ ಆದಮೇಲೆ ಅಂಗಾಲು. ದಿನವಿಡೀ ನಿಂತೇ ಕೆಲಸ ಮಾಡುವವರಿಗೆ ಅಂಗಾಲು ತಿಕ್ಕಿಸಿಕೊಳ್ಳುವ ಸುಖವೇ ಬೇರೆ. ಅದಕ್ಕೆ ಹೆಚ್ಚು ಹೊತ್ತು ಕೊಡಿ, ಅವಸರ ಬೇಡ.

ಅರ್ಧ ಗಂಟೆ ಸುಮ್ನೆ ಕೂತು ಹರಟೆ. ಆಮೇಲೆ ಅವರವರ ಮನೆಯಲ್ಲಿ ಬಿಸಿನೀರಿನ ಸ್ನಾನ. ಸೀಗೆಪುಡಿಯನ್ನು ಅನ್ನದ ಗಂಜಿಯಲ್ಲಿ ಕಲಸಿಕೊಳ್ಳಿ, ಮೈಗೆ ಕಡಲೆಹಿಟ್ಟು ಸಾಕು. ಸೀಗೆ ಕಣ್ಣಿಗೆ ಬಿದ್ದರೆ ಉರಿ. ಬಚ್ಚಲಲ್ಲಿ ಎಣ್ಣೆ ಕಾಲು ಜಾರುತ್ತದೆ, ಒಂದು ಮ್ಯಾಟ್ ಹಾಕಿಕೊಳ್ಳಿ.

ಬಸುರಿಯರು, ಚರ್ಮದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಬನ್ನಿ. ಜ್ವರ, ನೆಗಡಿ ಇದ್ದರೆ ಈ ಸಲ ಬೇಡ.

ಹಳೆ ನೈಟಿ, ಹಳೆ ಟವೆಲ್ ತನ್ನಿ. ಮಕ್ಕಳನ್ನು ಅಪ್ಪಂದಿರಿಗೋ ಅಜ್ಜಿಗೋ ಒಪ್ಪಿಸಿ. ಮಧ್ಯಾಹ್ನದ ಅಡುಗೆಯೂ ನಿಮ್ಮದಲ್ಲ ಎಂದು ಮನೆಯಲ್ಲಿ ಇವತ್ತೇ ಹೇಳಿಡಿ. ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇಲ್ಲದವರು ನನಗೆ ಮೆಸೇಜ್ ಮಾಡಿ, ದಾರಿ ಹುಡುಕೋಣ. ಬರುವವರು ಗುರುವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.